ನಿನ್ನ ಸುಸ್ತನ್ನೂ ಡಾಕ್ಟರಿಗೆ ಹೇಳು

ದೇವರಾಜ ಅರಸು ಬಡಾವಣೆ,
ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ತಂಗೀ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಆ ಕಡೆ ನಿಮ್ಮತ್ತೆ ಇದ್ದರು, ಈ ಕಡೆ ನಿಮ್ಮ ಭಾವ ಪೇಪರ್ ಹಿಡಿದುಕೊಂಡು ನನ್ನೆದುರಿಗೇ ಕೂತಿದ್ದರು. ಇಂಥ ಮಾತು ಎಲ್ಲರ ಕಿವಿ ಮುಂದೆ ಆಡೋಕಾಗಲ್ಲ. ಅದಕ್ಕೇ ಬರೀತಿದ್ದೀನಿ. ನಿನ್ನ ಮಗ ಮಲಗಿದ ಮೇಲೆ ನಿಧಾನಕ್ಕೆ ಓದು. ಮನೆಯವರಿಗೂ ತೋರಿಸಬೇಕು ಅನ್ನಿಸಿದರೆ ತೋರಿಸು, ನನ್ನ ಅಭ್ಯಂತರ ಏನೂ ಇಲ್ಲ.

"ಅಕ್ಕಾ, ನನಗೆ ಸಾಕಾಗೇತಿ ಅಂತ ಔಷಧಿ ಬದಲಾಯಿಸಿದ್ರೆ ತಪ್ಪಾಗ್ತದಾ?" ಅಂದೆ. ತಪ್ಪಾಗಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಮಿಕ್ಕಿದ್ದನ್ನೆಲ್ಲ ಆಮೇಲೆ ಬರೀತೀನಿ. ವಾರಕ್ಕೆರಡು ಸಲ ಫ್ಯಾಕ್ಟರ್ ಕೊಡೋದನ್ನೇ ಮುಂದುವರಿಸ್ತೀರೋ, ಎಮಿಸಿಜುಮ್ಯಾಬ್ ಅನ್ನೋ ಹೊಸ ಔಷಧಿಗೆ ಹೋಗ್ತೀರೋ, ಮನೆಯಲ್ಲಿ ಮಾತಾಡಿ ಹೇಳಿ ಅಂತ ಡಾಕ್ಟರು ಕೇಳಿದ್ದಾರಲ್ಲ, ಆ ಪ್ರಶ್ನೆಯೊಳಗೆ ನೀನೂ ಇದ್ದೀಯ. ನಿನ್ನ ನಿದ್ದೆ, ನಿನ್ನ ಬೆನ್ನುನೋವು, ನೀನು ಬಿಟ್ಟುಬಂದ ಶಾಲೆ ಎಲ್ಲ ಅದರಲ್ಲಿದೆ. ಹುಡುಗನ ಮಂಡಿಯ ಬಗ್ಗೆ ಹೇಳೋವಾಗ ನಿನಗೆ ನಾಚಿಕೆ ಆಗೋದಿಲ್ಲ. ನಿನ್ನ ಬಗ್ಗೆ ಹೇಳೋವಾಗ ಮಾತ್ರ ದನಿ ಇಳಿದುಹೋಯ್ತು.

ನನ್ನ ಕಾಲದ್ದು ನಿನಗೆ ಅರೆಬರೆ ಗೊತ್ತು. ನೀನಾಗ ಇನ್ನೂ ಸ್ಕೂಲಿಗೆ ಹೋಗ್ತಿದ್ದೆ. ನನ್ನ ಮಗ ಹುಟ್ಟಿದ್ದು 1996ರಲ್ಲಿ. ಅಂಬೆಗಾಲಿಡೋಕೆ ಶುರು ಮಾಡಿದ ಮೇಲೆ ಮಂಡಿ ಮೇಲೆ, ಕಂಕುಳ ಕೆಳಗೆ ನೀಲಿ ಕಲೆ. ಎತ್ತಿಕೊಂಡರೆ ನಮ್ಮ ಬೆರಳ ಗುರುತೇ ಮೈಮೇಲೆ ನಿಲ್ಲುತ್ತಿತ್ತು. ಅವ್ವ ನೋಡಿದ ತಕ್ಷಣ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳ ತಮ್ಮ, ನಾವು ಯಾರೂ ನೋಡದ ನಮ್ಮ ಸೋದರಮಾವ, ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಲ್ಲದೆ ಹೋದ ಹುಡುಗ. ಆ ಕಾಲಕ್ಕೆ ಮನೆಯಲ್ಲಿ ಯಾರಿಗೂ ಅದರ ಹೆಸರೇ ಗೊತ್ತಿರಲಿಲ್ಲ. ಅವ್ವನ ಊರಲ್ಲಿ ನಾಗದೋಷ ಅಂದಿದ್ದರಂತೆ. ನಮಗೆ ಇಲ್ಲಿ ಹೆಸರು ಸಿಕ್ಕಿತು: ಹಿಮೋಫೀಲಿಯಾ ಎ, ತೀವ್ರ. ರಕ್ತ ಹೆಪ್ಪುಗಟ್ಟಿಸೋ ಎಂಟನೇ ಅಂಶ, ಅಂದರೆ ಫ್ಯಾಕ್ಟರ್, ನೂರಕ್ಕೆ ಒಂದರಷ್ಟೂ ಇಲ್ಲ. ಪೇಪರಿನವರು ಕುಸುಮ ರೋಗ ಅಂತ ಬರೀತಾರಲ್ಲ, ಅದೇ.

ಆಗ ನಮಗಿದ್ದ ಚಿಕಿತ್ಸೆ ಒಂದೇ. ರಕ್ತ ಸೋರಿದ ಮೇಲೆ ಓಡೋದು. ಸೋರೋಕೆ ಮುಂಚೆಯೇ ಕೊಡ್ತಾ ಹೋಗೋದನ್ನ ಸ್ವೀಡನ್ನಿನಲ್ಲಿ 1958ರಿಂದಲೇ ಶುರು ಮಾಡಿದ್ದರು ಅಂತ ನನಗೆ ಗೊತ್ತಾಗಿದ್ದು ಮೊನ್ನೆಮೊನ್ನೆ, ಮಗ ಓದಿ ಹೇಳಿದ ಮೇಲೆ. ನಮಗೆ ಸಿಗುತ್ತಿದ್ದುದು ಕ್ರಯೋ. ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದು. ಒಂದು ಚೀಲದಲ್ಲಿ ನೂರು ಯೂನಿಟ್ಟಿನ ಆಸುಪಾಸು. ಮಂಡಿ ಊದಿಕೊಂಡರೆ ಹಲವು ಚೀಲ ಬೇಕು, ಅಂದರೆ ಹಲವು ಜನರ ರಕ್ತ. ಈಗಿನ ಫ್ಯಾಕ್ಟರ್ ಥರ ಅದರಲ್ಲಿ ವೈರಸ್ ಕೊಲ್ಲೋ ಪ್ರಕ್ರಿಯೆ ಇಲ್ಲ. ಪ್ರತಿ ಚೀಲ ಹನಿಹನಿಯಾಗಿ ಇಳಿಯೋವಾಗಲೂ ನಾನು ಒಂದು ಕಣ್ಣು ಅವನ ಮಂಡಿ ಮೇಲೆ, ಇನ್ನೊಂದು ಕಣ್ಣು ಆ ಚೀಲದ ಮೇಲೆ ಇಟ್ಟು ಕೂರ್ತಿದ್ದೆ. ಒಳ್ಳೆಯದೂ ಕೆಟ್ಟದ್ದೂ ಒಂದೇ ನಳಿಗೆಯಲ್ಲಿ ಬರಬಹುದು ಅಂತ ಗೊತ್ತಿದ್ದೂ ಕೂರಬೇಕಲ್ಲ.

ಫ್ಯಾಕ್ಟರ್ ದುಡ್ಡು ಕೊಟ್ಟು ತರೋದಾದರೆ ಒಂದು ಸೀಸೆಗೆ ಸಾವಿರಾರು ರೂಪಾಯಿ. ನಿಮ್ಮ ಭಾವ ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೀತಿದ್ದ ಕಾಲ ಅದು. ಮಾಲೀಕರ ಹತ್ತಿರ ಮುಂಗಡ ಕೇಳಿ ಕೇಳಿ ಅವರಿಗೆ ತಲೆ ಎತ್ತಿ ಮಾತಾಡೋಕಾಗ್ತಿರಲಿಲ್ಲ.

ಆದರೂ ನನ್ನನ್ನು ಒಳಗೊಳಗೇ ತಿಂದದ್ದು ದುಡ್ಡಲ್ಲ, ತೀರ್ಮಾನ. ಮಗು ಬೆಳಿಗ್ಗೆ ಎದ್ದು ಒಂದು ಕಾಲು ಸ್ವಲ್ಪ ಎಳೆದಂಗೆ ನಡೆದ. ಇದು ಸೋರಿಕೆಯೋ, ನಿದ್ದೆಗಣ್ಣೋ? ಈಗಲೇ ಓಡಿದರೆ ಅವರ ಒಂದು ದಿನದ ಸಂಬಳ ಹೋಯಿತು, ಹುಡುಗನಿಗೆ ಸುಮ್ಮನೆ ಸೂಜಿ. ಸಂಜೆವರೆಗೂ ನೋಡೋಣ ಅಂತ ಕಾದರೆ ಮಂಡಿ ತೆಂಗಿನಕಾಯಿ ಗಾತ್ರ. ಊತ ಕಾಣೋಕೆ ಮುಂಚೆಯೇ ಒಳಗೆ ಜುಮ್ ಅನ್ನುತ್ತೆ, ಬಿಸಿ ಅನ್ನಿಸುತ್ತೆ, ಅದು ಹುಡುಗನಿಗೆ ಮಾತ್ರ ಗೊತ್ತು. ಸೂಜಿಗೆ ಹೆದರಿ ಅವನು ಹೇಳಲ್ಲ. ಹಾಗಾಗಿ ಅವನ ನಡಿಗೆ ನೋಡಿ ಪತ್ತೆ ಹಚ್ಚೋ ಕೆಲಸ ನನ್ನದು. ಬೇಕಾದಾಗ ಕೊಡೋ ಚಿಕಿತ್ಸೆ ಅಂತ ಕಾಗದದ ಮೇಲೆ ಬರೆದರೆ ಎಷ್ಟು ಸರಳ ಕಾಣುತ್ತೆ! ಬೇಕು ಅಂತ ಮೊದಲು ಗೊತ್ತಾಗಬೇಕಾದ್ದು ತಾಯಿಗೆ. ಅವನಿಗೆ ಈಗ ಸಂಬಳ ಬರುತ್ತೆ, ಮೀಸೆ ಬಂದಿದೆ, ತನ್ನ ಕೈಗೆ ತಾನೇ ಚುಚ್ಚಿಕೊಳ್ತಾನೆ. ಈಗಲೂ ಆಫೀಸಿನಿಂದ ಬಂದು ಚಪ್ಪಲಿ ಬಿಡೋವಾಗ ನನ್ನ ಕಣ್ಣು ಮೊದಲು ಹೋಗೋದು ಅವನ ಬಲ ಮಂಡಿಗೆ. ಆ ಮಂಡಿ ಪೂರ್ತಿ ಮಡಚಲ್ಲ, ನಿನಗೆ ಗೊತ್ತಲ್ಲ.

ನಿನ್ನ ಮಗನ ಮಂಡಿ ಎರಡೂ ಮಡಚುತ್ತವೆ. ಅದಕ್ಕೆ ಕಾರಣ ನೀನು ಮತ್ತೆ ಆ ವಾರಕ್ಕೆರಡು ಸೀಸೆ. ಮುಂಚಿತವಾಗಿ ಕೊಡೋದರಿಂದ ಏನು ಉಪಯೋಗ ಅಂತ 2007ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು: ಚಿಕ್ಕಂದಿನಿಂದ ಕ್ರಮವಾಗಿ ಫ್ಯಾಕ್ಟರ್ ಪಡೆದ ಹುಡುಗರಲ್ಲಿ ಆರು ವರ್ಷದ ಹೊತ್ತಿಗೆ ನೂರಕ್ಕೆ 93 ಮಂದಿಯ ಕೀಲುಗಳು ಎಂಆರ್‌ಐನಲ್ಲಿ ಚೆನ್ನಾಗಿದ್ದವು, ಸೋರಿದಾಗ ಮಾತ್ರ ಪಡೆದವರಲ್ಲಿ 55. ವಿಶ್ವ ಹಿಮೋಫೀಲಿಯಾ ಒಕ್ಕೂಟದವರೂ 2020ರಿಂದ ಬರೀ ಸೋರಿದಾಗ ಕೊಡೋದನ್ನ ದೀರ್ಘಕಾಲದ ಚಿಕಿತ್ಸೆ ಅಂತ ಒಪ್ಪೋದಿಲ್ಲ. ಆ ಅಧ್ಯಯನದ ಹುಡುಗರಿಗೆ ಸಿಕ್ಕಿದ್ದು ದೊಡ್ಡ ಪ್ರಮಾಣ, ದಿನ ಬಿಟ್ಟು ದಿನ. ನಮ್ಮ ಕಡೆ ಸಣ್ಣ ಪ್ರಮಾಣ, ಕೆಜಿಗೆ ಹತ್ತು ಯೂನಿಟ್ಟಿನ ಲೆಕ್ಕ, ವಾರಕ್ಕೆರಡು ಸಲ. ಅಷ್ಟರಲ್ಲೇ ನಿನ್ನ ಮಗ ಓಡಾಡಿಕೊಂಡಿದ್ದಾನೆ. ಹಾಗಾಗಿ ಈಗಿನ ಚಿಕಿತ್ಸೆ ಕೆಲಸ ಮಾಡಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ನಿಮ್ಮತ್ತೆ ಹೇಳೋದೂ ಅದೇ ತಾನೇ, "ಚಲೋ ನಡದೈತಿ, ಯಾಕ ಕದಡಬೇಕು?"

ಚಲೋ ನಡೆಸ್ತಿರೋದು ಯಾರು ಅಂತ ಅವರು ನೋಡಿದ್ದಾರಾ? ಹೋದ ಗುರುವಾರ ನಾನು ನಿಮ್ಮ ಮನೆಯಲ್ಲಿದ್ದೆನಲ್ಲ, ಅವತ್ತು ಕಂಡದ್ದನ್ನ ಬರೀತೀನಿ, ನಿನಗೆ ನೀನು ಕಾಣೋದಿಲ್ಲವಾದ್ದರಿಂದ.

ನೀನು ಐದೂವರೆಗೆ ಎದ್ದೆ. ಫ್ರಿಜ್ಜಿನ ಬಾಗಿಲಲ್ಲಿ ಕರಿಬೇವಿನ ಕವರಿನ ಹಿಂದೆ ಇಟ್ಟ ಡಬ್ಬಿ ತೆಗೆದು, ಸೀಸೆ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡೆ, ಥಂಡಿ ಬಿಡಲಿ ಅಂತ. ಹಾಗೇ ಚಹಾಕ್ಕಿಟ್ಟೆ. ನೀರಿನ ಸೀಸೆಯಿಂದ ಪುಡಿಯ ಸೀಸೆಗೆ ನೀರು ಇಳಿಸಿ, ಅಲುಗಾಡಿಸದೆ ಅಂಗೈ ನಡುವೆ ಮೆಲ್ಲಗೆ ತಿರುಗಿಸಿದೆ. ನೊರೆ ಬಂದರೆ ಕೆಡುತ್ತೆ ಅಂತ ಉಸಿರು ಹಿಡಿದು ತಿರುಗಿಸ್ತಿದ್ದೆ. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಹುಡುಗನ ಕೈಗೆ ಸುತ್ತಿ ನರ ಎದ್ದೇಳಲಿ ಅಂತ ಕಾದೆ. ಅವನು ಎದ್ದಿದ್ದ, ಕಣ್ಣು ಮಾತ್ರ ಬಿಟ್ಟಿರಲಿಲ್ಲ. ನಿನ್ನ ಮಗಳು, ದೊಡ್ಡವಳು, ಹೇಳಿಸಿಕೊಳ್ಳದೆ ಬಂದು ರಬ್ಬರ್ ಪಟ್ಟಿ ಕಟ್ಟಿದಳು, ಮೊಬೈಲ್ ಟಾರ್ಚ್ ಹಿಡಿದಳು. ನಿಮ್ಮತ್ತೆ ಹಿತ್ತಲಿಗೆ ಹೋದರು. ನಿನ್ನ ಗಂಡ, "ನಂಗೆ ರಕ್ತ ನೋಡಕ್ಕಾಗಲ್ಲ," ಅಂತ ಹೊರಗೆ ಗಾಡಿ ಒರೆಸ್ತಿದ್ದರು. ಎಡಗೈಯಲ್ಲಿ ನರ ಜಾರಿತು. ಅವನು ಕೂಗಲಿಲ್ಲ ಕಣೇ, "ಅಮ್ಮಾ, ಇನ್ನೊಂದೇ ಸಲ ಅಲ್ವಾ?" ಅಂದ. ನೀನು "ಹೂಂ, ಇನ್ನೊಂದೇ" ಅಂದೆ. ಬಲಗೈಯಲ್ಲೂ ಸಿಗಲಿಲ್ಲ. ಆಮೇಲೆ ನೀನು ಎರಡು ನಿಮಿಷ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ. ನೀರಿನ ಸದ್ದು ಕೇಳಿತು. ವಾಪಸ್ ಬಂದು ಕೈಯ ಹಿಂಭಾಗದಲ್ಲಿ ಸಣ್ಣ ಬಟರ್‌ಫ್ಲೈ ಸೂಜಿ ಹಾಕಿದೆ, ನಳಿಗೆಯಲ್ಲಿ ಕೆಂಪು ಹಿಂದಕ್ಕೆ ಬಂತು, ಆಗ ಮೂವರೂ ಉಸಿರು ಬಿಟ್ಟಿರಿ. ದೊಡ್ಡವಳು ಟಾರ್ಚ್ ಆರಿಸಿ ಜಡೆ ಹಾಕಿಕೊಳ್ಳೋಕೆ ಓಡಿದಳು, ಅವಳಿಗೆ ಸ್ಕೂಲ್ ಬಸ್ಸಿನ ಹೊತ್ತಾಗಿತ್ತು.

ಇದು ವಾರಕ್ಕೆರಡು ಸಲ. ನರ ಸಿಗದ ದಿನ ಹುಡುಗನನ್ನ ಕರ್ಕೊಂಡು ಹರಿಹರದಿಂದ ದೊಡ್ಡಬಾತಿ ಮೇಲೆ ದಾವಣಗೆರೆಗೆ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ನಿನ್ನ ಟಿಕೆಟ್ ದುಡ್ಡು ಉಳೀತು, ದಿನ ಉಳೀಲಿಲ್ಲ. ಹೀಗೆ ರಜೆ ಹಾಕಿ ಹಾಕಿ ಶಾಲೆ ಕೆಲಸ ಬಿಟ್ಟೆ. ಮೂರನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳೋದಂದ್ರೆ ನಿನಗೆ ಎಷ್ಟು ಇಷ್ಟ ಇತ್ತು ಅನ್ನೋದನ್ನ ಮನೆಯಲ್ಲಿ ಯಾರೂ ಒಂದು ನಷ್ಟ ಅಂತ ಲೆಕ್ಕಕ್ಕೆ ಹಿಡಿದಿಲ್ಲ. ಫ್ಯಾಕ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ, ಖರ್ಚೇನಿದೆ ಅಂತಾರೆ.

ಹಾಗಂತ ಆ ಪುಕ್ಕಟೆಯನ್ನ ನಾನು ಹಗುರಾಗಿ ನೋಡಲ್ಲ. ಅದರ ಹಿಂದೆ ಎಷ್ಟು ಜನರ ಓಡಾಟ ಇದೆ ಅಂತ ನಮ್ಮ ಊರಲ್ಲಿ ಇದ್ದವರಿಗೆ ಗೊತ್ತು. ಡಾ. ಸುರೇಶ್ ಹನಗವಾಡಿಯವರು ತಾವೇ ಹಿಮೋಫೀಲಿಯಾ ಇಟ್ಟುಕೊಂಡು ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಹೇಳಿದವರು, ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫೀಲಿಯಾ ಸೊಸೈಟಿ ಕಟ್ಟಿದವರು. ನೋವು ಏನು ಅಂತ ಪುಸ್ತಕದಿಂದ ಕಲಿಯದ ಡಾಕ್ಟರು. ಅವರಂಥವರು ಬೆನ್ನು ಹತ್ತಿದ್ದರಿಂದಲೇ ನಮ್ಮಂಥವರ ಮನೆಗೆ ಔಷಧಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫೀಲಿಯಾ ಸೇರಿದ್ದೂ ಹೀಗೆ ದೇಶದ ತುಂಬ ಎಷ್ಟೋ ಜನ ಕೇಳಿಕೊಂಡು ಬಂದದ್ದರಿಂದ. ಸೊಸೈಟಿಯಲ್ಲಿ ಬೆಂಚಿನ ಮೇಲೆ ಕೂತ ತಾಯಂದಿರನ್ನ ನೋಡಿದ್ದೀಯಲ್ಲ. ಒಬ್ಬರಿಗೊಬ್ಬರು ಹೆಸರು ಕೇಳೋಕೆ ಮುಂಚೆ "ಯಾವ ಕಾಲು? ಮೊಣಕೈನಾ?" ಅಂತ ಕೇಳ್ತಾರೆ. ಏಪ್ರಿಲ್ 17ರ ವಿಶ್ವ ಹಿಮೋಫೀಲಿಯಾ ದಿನ ಮೈಕ್ ಕೊಟ್ಟರೂ ಮಗನ ಬಗ್ಗೆಯೇ ಮಾತಾಡಿ ಇಳೀತಾರೆ. ನಾನೂ ಹಾಗೇ ಇಳಿದು ಬಂದವಳು.

ಈಗ ಹೊಸ ಔಷಧಿಯ ವಿಷಯ. ನನಗೆ ಮಗ ಬಿಡಿಸಿ ಹೇಳಿದ್ದನ್ನ, ಡಾಕ್ಟರ ಬಾಯಲ್ಲಿ ಕೇಳಿದ್ದನ್ನ ಸೇರಿಸಿ ಬರೀತೀನಿ. ಎಂಟನೇ ಅಂಶದ ಕೆಲಸ ಏನಪ್ಪಾ ಅಂದರೆ ಒಂಬತ್ತನೆಯದನ್ನೂ ಹತ್ತನೆಯದನ್ನೂ ಹತ್ತಿರ ತರೋದು. ನಮ್ಮ ಮಕ್ಕಳಲ್ಲಿ ಆ ಜಾಗ ಖಾಲಿ. ಎಮಿಸಿಜುಮ್ಯಾಬ್ ಅಲ್ಲಿ ಹೋಗಿ ಎರಡನ್ನೂ ಹಿಡಿದುಕೊಳ್ಳುತ್ತೆ, ನಿಮ್ಮೂರ ಹೊಳೆಗೆ ಸೇತುವೆ ಹಾಕಿದ ಹಾಗೆ. ಅಮೆರಿಕದಲ್ಲಿ 2017ರ ನವೆಂಬರಿನಲ್ಲಿ ಇನ್ಹಿಬಿಟರ್ ಇದ್ದವರಿಗೆ, ಅಂದರೆ ಕೊಟ್ಟ ಫ್ಯಾಕ್ಟರನ್ನ ಮೈಯೇ ತಡೆಯೋವರಿಗೆ, ಅಂತ ಒಪ್ಪಿಗೆ ಸಿಕ್ಕಿತು, ಮಾರನೇ ವರ್ಷ ಇನ್ಹಿಬಿಟರ್ ಇಲ್ಲದವರಿಗೂ. ಕೇರಳದಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಸರ್ಕಾರವೇ ಕೊಡೋಕೆ ತೀರ್ಮಾನಿಸಿದೆ. ಹಿಮೋಫೀಲಿಯಾ ಬಿ ಇದ್ದವರಿಗೆ ಇದು ಪ್ರಯೋಜನ ಇಲ್ಲ, ನಮ್ಮದು ಎ ಆದ್ದರಿಂದ ಬಾಗಿಲು ತೆರೆದಿದೆ.

ನಿನ್ನ ಪಾಲಿಗೆ ಇದರಲ್ಲಿ ದೊಡ್ಡದು ಯಾವುದು ಗೊತ್ತಾ? ನರ ಹುಡುಕೋ ಹಾಗಿಲ್ಲ. ಹೊಟ್ಟೆಗೋ ತೊಡೆಗೋ ಚರ್ಮದ ಅಡಿಯಲ್ಲಿ ಚುಚ್ಚೋದು, ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ತಾರಲ್ಲ ಆ ಥರ. ಮೊದಲ ನಾಲ್ಕು ವಾರ ವಾರಕ್ಕೊಂದು, ಆಮೇಲೆ ಡಾಕ್ಟರು ಹೇಳಿದ ಹಾಗೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಇಲ್ಲವೇ ನಾಲ್ಕು ವಾರಕ್ಕೊಮ್ಮೆ. ಫ್ಯಾಕ್ಟರ್ ಕೊಟ್ಟ ಮೇಲೆ ಎಂಟು ಹನ್ನೆರಡು ಗಂಟೆಗೆ ಅರ್ಧಕ್ಕಿಳಿಯುತ್ತೆ, ಮಕ್ಕಳಲ್ಲಿ ಇನ್ನೂ ಬೇಗ. ಸೋಮವಾರ ಕೊಟ್ಟದ್ದು ಬುಧವಾರ ರಾತ್ರಿಗೆ ತಳ ಸೇರಿರುತ್ತೆ. ಅದಕ್ಕೇ ಬುಧವಾರ ಸಂಜೆ ಅವನು ಆಡೋಕೆ ಹೋದರೆ ನಿನಗೆ ಒಲೆ ಮುಂದೆ ನಿಲ್ಲೋಕಾಗಲ್ಲ. ಹೊಸದು ಅರ್ಧಕ್ಕಿಳಿಯೋಕೆ ನಾಲ್ಕು ವಾರ ಹತ್ತಿರ ಬೇಕು. ವಾರದ ಯಾವ ದಿನ ಭಯ ಹೆಚ್ಚು ಅನ್ನೋ ಪಂಚಾಂಗ ನಿನ್ನ ತಲೆಯಿಂದ ಇಳಿಯುತ್ತೆ. ತೀವ್ರ ಇದ್ದ ಹುಡುಗ ಸೌಮ್ಯ ಇದ್ದವರ ಹಾಗೆ ಆಗ್ತಾನೆ ಅಂತಾರೆ.

ಆದರೆ ಪೂರ್ತಿ ವಾಸಿ ಅಂದ್ಕೋಬೇಡ. ಬಿದ್ದು ತಲೆಗೆ ಪೆಟ್ಟಾದರೆ, ಆಪರೇಷನ್ ಮಾಡಿಸಬೇಕಾದರೆ ಫ್ಯಾಕ್ಟರ್ ಬೇಕೇ ಬೇಕು. ಮನೆಯಲ್ಲಿ ಒಂದೆರಡು ಸೀಸೆ ಇಟ್ಟುಕೊಳ್ಳೋಕೆ ಕೊಡ್ತಾರಾ ಕೇಳು. ವಾರಕ್ಕೆರಡು ಸಲ ಚುಚ್ಚಿ ಪಳಗಿದ ಕೈ ವರ್ಷಕ್ಕೊಂದು ಸಲ ಚುಚ್ಚೋ ಹಾಗಾದರೆ ಮರೆಯುತ್ತೆ, ಆವಾಗ ಎಲ್ಲಿಗೆ ಓಡಬೇಕು ಅಂತ ಈಗಲೇ ತಿಳಿದುಕೋ. ಇನ್ನೊಂದು, ಇದನ್ನ ಮರೀಬೇಡ: ಈ ಔಷಧಿ ತಗೊಳ್ತಿರೋವಾಗ ರಕ್ತ ಹೆಪ್ಪುಗಟ್ಟೋದನ್ನ ಅಳೆಯೋ ಎಪಿಟಿಟಿ ಪರೀಕ್ಷೆ ಸರಿ ಇದೆ ಅಂತಲೇ ತೋರಿಸುತ್ತೆ, ಒಳಗೆ ಹಾಗಿರಲ್ಲ. ಗೊತ್ತಿಲ್ಲದ ಡಾಕ್ಟರು ಆ ರಿಪೋರ್ಟ್ ನೋಡಿ ಹಲ್ಲು ಕೀಳೋಕೆ ಒಪ್ಪಿಬಿಡಬಹುದು. ಅವನ ಸ್ಕೂಲ್ ಬ್ಯಾಗಿನಲ್ಲಿ, ನಿನ್ನ ಪರ್ಸಿನಲ್ಲಿ, ಅವರಪ್ಪನ ಜೇಬಿನಲ್ಲಿ ಔಷಧಿ ಹೆಸರು ಬರೆದ ಚೀಟಿ ಇರಲಿ. ಮುಂದೆ ಯಾವತ್ತಾದರೂ ಇನ್ಹಿಬಿಟರ್ ಬಂದು ಬೇರೆ ಬೈಪಾಸ್ ಔಷಧಿ ಕೊಡೋ ಪ್ರಸಂಗ ಬಂದರೆ ಎಲ್ಲವೂ ಇದರ ಜೊತೆ ಹೊಂದಲ್ಲ, ಒಂದರಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಅಪಾಯ ಇದೆ. ಹಾಗಾಗಿ ಎಲ್ಲೇ ಹೋದರೂ ಮೊದಲು ಹೇಳಬೇಕಾದ ಮಾತು ಇದು.

ಇಷ್ಟು ಬರೆದ ಮೇಲೆ, ಈ ಪತ್ರ ಬರೆಯೋಕೆ ಕೂತ ಕಾರಣಕ್ಕೆ ಬರ್ತೀನಿ. ಔಷಧಿ ಬದಲಾದರೆ ಕೆಲಸ ಕಡಿಮೆ ಆಗುತ್ತೆ. ಆ ಕೆಲಸ ಮಾಡೋ ಕೈ ತಾನಾಗಿಯೇ ಬದಲಾಗಲ್ಲ. ನೀನು ಸುಮ್ಮನಿದ್ದರೆ ಹೊಸ ಸೂಜಿಯೂ ನಿನ್ನದೇ, ಚೀಟಿ ಇಡೋದೂ ನಿನ್ನದೇ, ಸ್ಟಾಕ್ ಇದೆಯಾ ಅಂತ ಫೋನ್ ಮಾಡೋದೂ ನಿನ್ನದೇ. ಉಳಿದ ಹೊತ್ತಿಗೆ ಮನೆಯವರು ಬೇರೆ ಕೆಲಸ ಹುಡುಕಿ ಕೊಡ್ತಾರೆ. ನಾನು ಇದನ್ನ ನೋಡಿದ್ದೀನಿ. ಕ್ರಯೋ ಹೋಗಿ ಫ್ಯಾಕ್ಟರ್ ಬಂದಾಗ ನಮ್ಮನೆಯಲ್ಲಿ ಎಲ್ಲರೂ, "ಇನ್ನು ನಿಂಗೆ ಆರಾಮ," ಅಂದರು. ಮಗನಿಗೆ ಹದಿನೈದಾಗಿ ತಾನೇ ಚುಚ್ಚಿಕೊಳ್ಳೋಕೆ ಕಲಿಯೋವರೆಗೂ ಆ ಆರಾಮ ಬರಲಿಲ್ಲ. ನನ್ನನ್ನ ಬಿಡಿಸಿದ್ದು ಅವನ ಕೈ.

ಅದಕ್ಕೇ ಹೇಳ್ತೀನಿ, ತರಬೇತಿಗೆ ಹೋಗೋವಾಗ ಗಂಡನನ್ನ ಕರ್ಕೊಂಡು ಹೋಗು. ರಕ್ತ ನೋಡೋಕಾಗಲ್ಲ ಅನ್ನೋದು ಇಲ್ಲಿಯವರೆಗೂ ಅವರ ಕಾರಣವಾಗಿತ್ತು, ನಾನು ಅದನ್ನ ಸುಳ್ಳು ಅನ್ನಲ್ಲ, ಕೆಲವರಿಗೆ ನಿಜಕ್ಕೂ ಕಣ್ಣು ಕತ್ತಲೆ ಬರುತ್ತೆ. ಇದರಲ್ಲಿ ನರವೂ ಇಲ್ಲ, ನಳಿಗೆಯಲ್ಲಿ ಕೆಂಪೂ ಬರಲ್ಲ. ಹೊಳೆ ಆಚೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಅಷ್ಟು ದೊಡ್ಡ ಮೆಷಿನ್ ನೋಡಿಕೊಳ್ಳೋ ಮನುಷ್ಯನಿಗೆ ಇಷ್ಟು ಸಣ್ಣ ಸಿರಿಂಜ್ ಹಿಡಿಯೋದು ಬರುತ್ತೆ. ಮೊದಲ ಸೂಜಿಯಿಂದಲೇ ಅವರದ್ದೇ ಕೆಲಸ ಅಂತಾಗಲಿ. ನೀನು ಮೂರು ತಿಂಗಳು ಮಾಡಿ ಆಮೇಲೆ ಒಪ್ಪಿಸ್ತೀನಿ ಅಂದರೆ ಯಾರೂ ತಗೊಳ್ಳಲ್ಲ. ಅವರು ಮೃದು ಮನಸ್ಸಿನವರು, ನನಗೆ ಗೊತ್ತು. ಹುಡುಗನ ನೋವಿನ ಹತ್ತಿರ ಹೋಗೋಕೆ ಅವರಿಗೆ ಒಂದು ದಾರಿ ಬೇಕಾಗಿತ್ತು ಅಂತ ನನ್ನ ಅನಿಸಿಕೆ. ಇದು ಆ ದಾರಿ ಆಗಬಹುದು.

ಮೊನ್ನೆ ಅವರು ಒಂದು ಮಾತು ಹೇಳಿದರಲ್ಲ, "ವೆಲ್ಲೂರಲ್ಲಿ ಜೀನ್ ಥೆರಪಿ ಮಾಡಿದಾರಂತೆ, ಒಂದೇ ಸಲಕ್ಕೆ ಮುಗೀತದೆ, ಅಲ್ಲೀವರೆಗೂ ಹಿಂಗೇ ತಳ್ಳೋಣ," ಅಂತ. ಸುದ್ದಿ ನಿಜ. ವೆಲ್ಲೂರಿನ ಸಿಎಂಸಿಯವರು ಐದು ಮಂದಿಗೆ ಕೊಟ್ಟು, ಅವರಲ್ಲಿ ಸೋರಿಕೆ ನಿಂತದ್ದನ್ನ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಓದಿ ನನಗೂ ಕಣ್ಣು ತುಂಬಿತು, ನಮ್ಮ ದೇಶದಲ್ಲೇ ಆಯಿತಲ್ಲ ಅಂತ. ಆದರೆ ಆ ಐವರೂ ದೊಡ್ಡವರು. ಅವರ ರಕ್ತದ ಮೂಲಕೋಶಗಳನ್ನ ತೆಗೆದು, ಅದರಲ್ಲಿ ಜೀನ್ ಸೇರಿಸಿ, ಕೀಮೋ ಕೊಟ್ಟು ವಾಪಸ್ ಹಾಕಿರೋದು. ಆರು ವರ್ಷದ ಮಗುವಿನ ಮಾತು ಅಲ್ಲಿಲ್ಲ. ಅದು ಬರೋವರೆಗೂ ಮಂಡಿ ಕಾಯಬೇಕು, ನೀನೂ ಉಳಿದಿರಬೇಕು. "ತಳ್ಳೋಣ" ಅನ್ನೋ ಮಾತಿನಲ್ಲಿ ತಳ್ಳೋಳು ನೀನೊಬ್ಬಳೇ ಅಂತ ಅವರಿಗೆ ನೀನು ಹೇಳಬೇಕು, ಜಗಳ ಮಾಡದೆ ಹೇಳಬೇಕು.

ನಿಮ್ಮತ್ತೆ ವಿಷಯ. ಅವರು ಒಮ್ಮೆ, "ನಿಮ್ಮ ಮನೆತನದಿಂದ ಬಂದದ್ದು," ಅಂದರು ಅಂತ ನೀನು ಎಷ್ಟು ವರ್ಷದಿಂದ ಹೊತ್ತುಕೊಂಡಿದ್ದೀಯ. ಅವ್ವನಿಂದ ನಮ್ಮಿಬ್ಬರಿಗೂ ಬಂತು, ನಮ್ಮಿಂದ ಮಕ್ಕಳಿಗೆ ಬಂತು, ನಿಜ. ಅದರಲ್ಲಿ ಯಾರೂ ಏನನ್ನೂ ಆರಿಸಿಕೊಂಡಿರಲಿಲ್ಲ. ಬೆಂಚಿನ ಮೇಲೆ ನಮ್ಮ ಪಕ್ಕ ಕೂರೋ ತಾಯಂದಿರಲ್ಲಿ ಸುಮಾರು ಮೂರರಲ್ಲೊಬ್ಬರ ಮನೆಯಲ್ಲಿ ಹಿಂದೆ ಯಾರಿಗೂ ಇರೋದಿಲ್ಲ, ಹೊಸದಾಗಿ ಹುಟ್ಟಿಕೊಂಡಿರುತ್ತೆ. ಏನೋ ಋಣ ತೀರಿಸೋ ಹಾಗೆ ನೀನು ಇಡೀ ಆರೈಕೆಯನ್ನ ಒಬ್ಬಳೇ ಹೊರ್ತಿದ್ದೀಯ ಅಂತ ನನಗೆ ಅನ್ನಿಸುತ್ತೆ. ತೀರಿಸಬೇಕಾದ ಋಣ ಯಾವುದೂ ಇಲ್ಲ ಕಣೇ. ಅವರೂ ಕೆಟ್ಟವರಲ್ಲ, ಹುಡುಗನಿಗೆ ಸೂಜಿ ಹಾಕೋವಾಗ ಹಿತ್ತಲಿಗೆ ಹೋಗಿ ತುಳಸಿಕಟ್ಟೆ ಹಿಡಿದು ನಿಂತಿರ್ತಾರೆ, ನಾನು ನೋಡಿದೆ. ಮುಂದಿನ ದುಗ್ಗಮ್ಮನ ಜಾತ್ರೆಗೆ ಉಡಿ ತುಂಬಿಸ್ತೀನಿ ಅಂತ ಹರಕೆ ಹೊತ್ತಿದ್ದಾರೆ. ಅವರಿಗೆ ಹೊಸ ಔಷಧಿ ಬಗ್ಗೆ ಇರೋದು ಹೆದರಿಕೆ. ಡಾಕ್ಟರ ಹತ್ತಿರ ಅವರನ್ನೂ ಒಮ್ಮೆ ಕರ್ಕೊಂಡು ಹೋಗು, ಅವರ ಪ್ರಶ್ನೆ ಅವರೇ ಕೇಳಲಿ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೂತಿರೋದು ನಿನ್ನ ಮಗಳು. ಹನ್ನೊಂದು ವರ್ಷದ ಹುಡುಗಿ, ತಮ್ಮನ ಕೈಯಲ್ಲಿ ಯಾವ ನರ ಒಳ್ಳೇದು ಅಂತ ಬೆರಳಿಟ್ಟು ತೋರಿಸ್ತಾಳೆ. ಬಂದವರೆಲ್ಲ, "ಎಂಥಾ ಜಾಣೆ," ಅಂತಾರೆ. ನನ್ನ ಮಗಳೂ ಹೀಗೇ ಜಾಣೆಯಾಗಿದ್ದಳು. ಅಣ್ಣನಿಗೆ ಹುಷಾರಿಲ್ಲದ ದಿನ ತನಗೆ ಜ್ವರ ಇದ್ದರೂ ಹೇಳ್ತಿರಲಿಲ್ಲ, ಅದು ನಮಗೆ ಅವಳು ದೊಡ್ಡವಳಾದ ಮೇಲೆ ಗೊತ್ತಾಯ್ತು. ನೀನು ಔಷಧಿ ಬದಲಾಯಿಸಿದರೆ ಆ ಟಾರ್ಚ್ ಹಿಡಿಯೋ ಕೆಲಸ ಅವಳಿಗೆ ತಪ್ಪುತ್ತೆ. ಈ ಒಂದು ಕಾರಣಕ್ಕೇ ನಾನು ಹೊಸದರ ಕಡೆ ವಾಲ್ತೀನಿ, ಮುಚ್ಚಿಡಲ್ಲ.

ಅವಳ ರಕ್ತಪರೀಕ್ಷೆ ಬಗ್ಗೆಯೂ ಕೇಳು. ವಾಹಕಿ ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಪರೀಕ್ಷೆ ಅವಳು ದೊಡ್ಡವಳಾಗಿ ತನಗೆ ಬೇಕು ಅಂದಾಗ ಮಾಡಿಸಬಹುದು, ಆ ತೀರ್ಮಾನ ಅವಳದ್ದು. ಆದರೆ ಅವಳ ಎಂಟನೇ ಅಂಶ ಎಷ್ಟಿದೆ ಅಂತ ಈಗಲೇ ತಿಳಿಯಬೇಕು. ವಾಹಕಿಯರು ಬರೀ ಮುಂದಕ್ಕೆ ದಾಟಿಸೋರು, ಅವರಿಗೇನೂ ಆಗಲ್ಲ ಅಂತ ನಮಗೆ ಹೇಳಿಕೊಂಡು ಬಂದರು. ಹಾಗಿಲ್ಲ. ಕೆಲವರಲ್ಲಿ ಅಂಶ ಕಡಿಮೆ ಇದ್ದು ಮುಟ್ಟಿನಲ್ಲಿ ವಿಪರೀತ ಹೋಗುತ್ತೆ, ಹೆರಿಗೆಯಲ್ಲಿ ತೊಂದರೆ ಆಗುತ್ತೆ. 2025ರ ವಿಶ್ವ ಹಿಮೋಫೀಲಿಯಾ ದಿನವನ್ನ ಹೆಂಗಸರ, ಹೆಣ್ಣುಮಕ್ಕಳ ರಕ್ತಸ್ರಾವದ ವಿಷಯಕ್ಕೇ ಇಟ್ಟಿದ್ದರು. ನನ್ನ ಎರಡನೇ ಬಾಣಂತನ ನಿನಗೆ ನೆನಪಿರಬೇಕು, ಅವ್ವ ಬಟ್ಟೆ ಒಗೆದು ಒಗೆದು ಅತ್ತಿದ್ದಳು. ನಿನ್ನ ಅಂಶವನ್ನೂ ಅವತ್ತೇ ನೋಡಿಸು. ಮಗನ ಫೈಲು ಅಷ್ಟು ದಪ್ಪ ಇದೆ, ನಿನ್ನ ಹೆಸರಲ್ಲಿ ಒಂದು ಹಾಳೆಯೂ ಇಲ್ಲ.

ಡಾಕ್ಟರ ಹತ್ತಿರ ಹೋಗೋವಾಗ ಈ ಪತ್ರ ಜೊತೆಗಿಟ್ಟುಕೋ. ಔಷಧಿ ಎಷ್ಟು ತಿಂಗಳಿಗೆ ಖಾತ್ರಿ ಇದೆ, ನಡುವೆ ನಿಂತರೆ ಏನು ಮಾಡೋದು ಅಂತ ಕೇಳು. ಶುರು ಮಾಡಿ ನಿಲ್ಲಿಸಿದರೆ ಅದು ನಿಧಾನಕ್ಕೆ ಇಳಿಯುತ್ತೆ, ಅಷ್ಟರಲ್ಲಿ ವಾಪಸ್ ಫ್ಯಾಕ್ಟರ್‌ಗೆ ಬರೋ ದಾರಿ ತೆರೆದಿರಬೇಕು. ಇನ್ಹಿಬಿಟರ್ ಪರೀಕ್ಷೆ ಹೊಸದನ್ನ ಶುರು ಮಾಡೋ ಮುಂಚೆ ಮಾಡ್ತಾರಾ ಕೇಳು. ಫಿಸಿಯೋಥೆರಪಿ ನಿಲ್ಲಿಸಬಾರದು. ಇವೆಲ್ಲ ಕೇಳಿ ಆದ ಮೇಲೆ, ಎದ್ದು ಬರೋ ಮುಂಚೆ, "ನನಗೆ ಈ ನರ ಚುಚ್ಚೋದು ಇನ್ನು ಆಗ್ತಿಲ್ಲ, ರಾತ್ರಿ ನಿದ್ದೆ ಬರಲ್ಲ," ಅಂತ ಹೇಳು. ಒಳ್ಳೆಯ ಡಾಕ್ಟರು ಅದನ್ನ ಬರೆದುಕೊಳ್ತಾರೆ. ಆರೈಕೆ ಮಾಡೋರ ಮೇಲೆ ಬೀಳೋ ಭಾರ ಅಳೆಯೋಕೆ ಅಂತಲೇ ಹೊರದೇಶದಲ್ಲಿ ಪ್ರಶ್ನಾವಳಿಗಳನ್ನ ಮಾಡಿದ್ದಾರಂತೆ, ಹಿಮೋಫೀಲಿಯಾಗೇ ಬೇರೆ ಒಂದು ಇದೆಯಂತೆ. ನೀನು ಹೇಳೋದು ಚಿಕಿತ್ಸೆಗೆ ಸಂಬಂಧಪಟ್ಟ ಮಾಹಿತಿಯೇ. ತಾಯಿ ಕೈಸೋತರೆ ಡೋಸ್ ತಪ್ಪುತ್ತೆ, ಡೋಸ್ ತಪ್ಪಿದರೆ ಮಂಡಿಗೆ ಬರುತ್ತೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದು ವೇಳೆ ಮಂಡಿಗೆ ಏನೂ ಆಗದಿದ್ದರೂ ನೀನು ಹೇಳಬಹುದು.

ಎಲ್ಲ ವಿಚಾರ ಮಾಡಿ ಫ್ಯಾಕ್ಟರನ್ನೇ ಮುಂದುವರಿಸೋಣ ಅಂತ ನೀವು ತೀರ್ಮಾನಿಸಿದರೂ ನನಗೆ ಬೇಜಾರಿಲ್ಲ. ಆಗ ವಾರಕ್ಕೊಂದು ಡೋಸ್ ನನ್ನದು. ಸೋಮವಾರದ್ದು ನೀನು ನೋಡಿಕೋ, ಗುರುವಾರದ್ದಕ್ಕೆ ಹುಡುಗನನ್ನ ಬುಧವಾರ ಸಂಜೆಯೇ ಇಲ್ಲಿ ಕಳಿಸು. ನನ್ನ ಮಗನಿಗೆ ನರ ಹುಡುಕೋದು ನನಗಿಂತ ಚೆನ್ನಾಗಿ ಬರುತ್ತೆ, ಹುಡುಗನಿಗೂ ಅಣ್ಣ ಅಂದರೆ ಪ್ರಾಣ. ಬೆಳಿಗ್ಗೆ ಇಬ್ಬರೂ ಬೆಣ್ಣೆದೋಸೆ ತಿಂದುಕೊಂಡು ಬರಲಿ, ಹತ್ತರೊಳಗೆ ಶಾಲೆಗೆ ತಂದು ಬಿಡೋ ಜವಾಬ್ದಾರಿ ನಿಮ್ಮ ಭಾವನದ್ದು, ಅವರನ್ನ ಆಗಲೇ ಒಪ್ಪಿಸಿದ್ದೀನಿ.

ನಿನ್ನ ಹಳೆಯ ಶಾಲೆಯ ಹೆಡ್‌ಮಿಸ್ ಮದುವೆ ಮನೆಯಲ್ಲಿ ಸಿಕ್ಕಿದ್ದರು. ಜೂನ್‌ಗೆ ಗಣಿತಕ್ಕೆ ಒಬ್ಬರು ಬೇಕು ಅಂತಿದ್ದರು. ನಾನು ನಿನ್ನ ಪರವಾಗಿ ಏನೂ ಹೇಳಿಲ್ಲ, ಅವರ ನಂಬರು ಮಾತ್ರ ಇಸ್ಕೊಂಡಿದ್ದೀನಿ. ಡಾಕ್ಟರ ಹತ್ತಿರ ಯಾವತ್ತು ಹೋಗ್ತೀರಿ ಅಂತ ತಿಳಿಸು, ಅವತ್ತು ದೊಡ್ಡವಳನ್ನ ಸ್ಕೂಲಿನಿಂದ ಕರ್ಕೊಂಡು ಬರೋಕೆ ನಾನು ಹರಿಹರಕ್ಕೆ ಬರ್ತೀನಿ.

ನಿನ್ನ,
ಅಕ್ಕ